ದೂರು ಬಂದಿಲ್ಲ ಎಂಬ ನೆಮ್ಮದಿ

ಆಗಸ್ಟ್ ಬಂತೆಂದರೆ ಬಡಾವಣೆಗಳಲ್ಲಿ ಗಣೇಶೋತ್ಸವ ಸಮಿತಿಗಳ ಸಭೆ ಶುರುವಾಗುತ್ತದೆ. ಪೆಂಡಾಲಿಗೆ ಪೊಲೀಸರ ಅನುಮತಿ, ದೀಪಾಲಂಕಾರಕ್ಕೆ ವಿದ್ಯುತ್ ಸಂಪರ್ಕ, ವಿಸರ್ಜನೆಯ ದಾರಿ, ಆರ್ಕೆಸ್ಟ್ರಾದವರಿಗೆ ಮುಂಗಡ, ಚಂದಾ ರಸೀದಿ ಪುಸ್ತಕ, ಪ್ರಸಾದಕ್ಕೆ ಅಡುಗೆಯವರು, ಒಂದನ್ನೂ ಬಿಡದೆ ಬರೆದಿಟ್ಟುಕೊಳ್ಳುತ್ತಾರೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಸಮಿತಿ, ಆಮೇಲೆ ಊರಹಬ್ಬ, ಜಾತ್ರೆ, ಅಪಾರ್ಟ್‌ಮೆಂಟಿನ ಹೊಸ ವರ್ಷದ ಪಾರ್ಟಿ. ಪಟ್ಟಿಗಳು ಬೇರೆ ಬೇರೆಯಾದರೂ ಅವುಗಳಲ್ಲಿ ಸಾಮಾನ್ಯವಾಗಿ ಕಾಣದ ಪ್ರಶ್ನೆಯೊಂದಿದೆ. ನೂಕುನುಗ್ಗಲಿನಲ್ಲಿ ಯಾರಾದರೂ ಒಬ್ಬ ಹುಡುಗಿಯ ಮೈಮೇಲೆ ಕೈ ಹಾಕಿದರೆ ಅವಳು ಯಾರ ಹತ್ತಿರ ಹೋಗಿ ಹೇಳಬೇಕು? ಕೈ ಹಾಕಿದವನು ಸಮಿತಿಯವನೇ ಆಗಿದ್ದರೆ?

ಈ ಪ್ರಶ್ನೆ ಎತ್ತಿದರೆ ಹಿರಿಯರಿಗೆ ಇರುಸುಮುರುಸು. "ನಮ್ಮಲ್ಲಿ ಅಂಥದ್ದೆಲ್ಲ ನಡೆಯಲ್ಲ" ಎನ್ನುತ್ತಾರೆ. ಪೆಂಡಾಲಿನ ಮೂಲೆಯಲ್ಲಿ ಮರಳು ತುಂಬಿದ ಬಕೆಟ್ ಇಡುವಾಗ ಮಾತ್ರ ಯಾರೂ ಹಾಗೆ ಅನ್ನುವುದಿಲ್ಲ. ಬೆಂಕಿ ಬಿದ್ದೇ ಬೀಳುತ್ತದೆಂದು ಆ ಬಕೆಟ್ ಇಟ್ಟಿರುವುದಿಲ್ಲ, ಬಿದ್ದ ಗಳಿಗೆಯಲ್ಲಿ ಮರಳು ಹುಡುಕಿಕೊಂಡು ಓಡುವಂತಾಗಬಾರದೆಂದು ಇಟ್ಟಿರುತ್ತಾರೆ. ಲೈಂಗಿಕ ದೌರ್ಜನ್ಯದ ವಿಚಾರದಲ್ಲಿ ಈ ಸರಳ ತರ್ಕ ನಮಗೆ ಇನ್ನೂ ಒಗ್ಗಿಲ್ಲ.

ಬೆಂಗಳೂರಿಗೆ ಇದರ ಪಾಠ ಆಗಿದ್ದು 2016ರ ಡಿಸೆಂಬರ್ 31ರ ರಾತ್ರಿ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೊಸ ವರ್ಷ ಆಚರಿಸಲು ಸೇರಿದ್ದ ಜನಸಂದಣಿಯಲ್ಲಿ ಹೆಣ್ಣುಮಕ್ಕಳನ್ನು ಎಳೆದಾಡಿದ್ದು, ಅವರು ಅಳುತ್ತ ಮಹಿಳಾ ಪೊಲೀಸರ ನೆರವು ಪಡೆದದ್ದು ಪತ್ರಿಕೆಗಳ ಚಿತ್ರಗಳಲ್ಲಿ ಬಂತು. ಪೊಲೀಸರಿಂದ ಮೊದಲು ಬಂದ ಉತ್ತರ, ಯಾರೂ ದೂರು ಕೊಟ್ಟಿಲ್ಲ ಎಂಬುದು. ಆಗಿನ ಗೃಹ ಸಚಿವರು ಪಾಶ್ಚಾತ್ಯ ಉಡುಗೆ ತೊಡುಗೆಯ ಮಾತೆತ್ತಿ ದೇಶದಾದ್ಯಂತ ಟೀಕೆಗೆ ಗುರಿಯಾದರು. ಪುರಾವೆ ಸಿಕ್ಕಿತೆಂದು ಹೇಳಿ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿಕೊಂಡದ್ದು ಆಮೇಲೆ. ಅದೇ ರಾತ್ರಿ ಕಮ್ಮನಹಳ್ಳಿಯ ಬೀದಿಯಲ್ಲಿ ಒಬ್ಬ ಯುವತಿಯ ಮೇಲೆ ನಡೆದ ಹಲ್ಲೆ ಒಂದು ಮನೆಯ ಸಿಸಿಟಿವಿಯಲ್ಲಿ ಸೆರೆಯಾಗಿತ್ತು. ಆ ದೃಶ್ಯ ಹೊರಬಂದ ಮೇಲೆ ಕೆಲವೇ ದಿನಗಳಲ್ಲಿ ಆರೋಪಿಗಳ ಬಂಧನವಾಯಿತು. ಕ್ಯಾಮೆರಾ ಆ ಕಡೆ ತಿರುಗಿರದಿದ್ದರೆ ಅದೂ "ದೂರು ಬಂದಿಲ್ಲ" ಎಂಬ ಲೆಕ್ಕಕ್ಕೇ ಸೇರುತ್ತಿತ್ತು.

ಸಾವಿರಾರು ಜನರ ನಡುವೆ, ಯಾರದೆಂದು ತಿಳಿಯದ ಕೈ. ಹೇಳಿಕೊಂಡರೆ ನಂಬುವವರಾರು, ಮನೆಯವರು ಮುಂದಿನ ಸಲ ಕಳಿಸುತ್ತಾರೋ ಇಲ್ಲವೋ ಎಂಬ ಅಳುಕು. ಇಷ್ಟೆಲ್ಲ ದಾಟಿ ಒಬ್ಬಳು ಬಾಯಿ ಬಿಡಬೇಕಾದರೆ ಎದುರಿಗೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಕಾಣಬೇಕು. ಕಾಣದಿದ್ದಾಗ ದೂರು ಬರುವುದಿಲ್ಲ. ಅದನ್ನೇ ಸುರಕ್ಷತೆಯ ಪ್ರಮಾಣಪತ್ರ ಎಂದುಕೊಂಡರೆ ನಾವೇ ಮೋಸ ಹೋದೆವು. ಬೆಂಗಳೂರು ಪೊಲೀಸರು ಈಚಿನ ವರ್ಷಗಳಲ್ಲಿ ಹೊಸ ವರ್ಷದ ರಾತ್ರಿ ಆ ರಸ್ತೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳನ್ನು ತೆರೆಯುತ್ತಿರುವುದರ ಹಿಂದೆ ಇರುವುದು ಈ ಅರಿವೇ.

ಸಮಾರಂಭಗಳಲ್ಲಿ ನಡೆಯುವ ದೌರ್ಜನ್ಯದಲ್ಲಿ ಎರಡು ಬಗೆ. ಮೇಲಿನದು ಅಪರಿಚಿತನದು. ಅದಕ್ಕೆ ಬೆಳಕು, ಬಂದೋಬಸ್ತು, ಕ್ಯಾಮೆರಾ ಇವೆಲ್ಲ ಒಂದಷ್ಟು ಮದ್ದು. ಎರಡನೆಯದು ಬಲ್ಲವನದು. ನಾಟಕದ ತಾಲೀಮಿನ ನೆಪದಲ್ಲಿ ಮೈ ಮುಟ್ಟುವ ನಿರ್ದೇಶಕ, ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ "ನಾನೇ ಮನೆಗೆ ಬಿಡ್ತೀನಿ ಬಾ" ಎನ್ನುವ ಪದಾಧಿಕಾರಿ, ಬಣ್ಣದ ಕೋಣೆಗೆ ನೇರ ನುಗ್ಗುವ ಪ್ರಾಯೋಜಕ, ಮಕ್ಕಳ ನೃತ್ಯದ ಮೇಲ್ವಿಚಾರಣೆ ಹೊತ್ತ 'ಅಂಕಲ್'. ಇಲ್ಲಿ ಕ್ಯಾಮೆರಾ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆತನಿಗೆ ಬಾಗಿಲು ತೆರೆದುಕೊಟ್ಟವರು ನಾವೇ. ಸಂಘಟಕರ ಹೊಣೆಗಾರಿಕೆಗೆ ನಿಜವಾದ ಪರೀಕ್ಷೆ ಎದುರಾಗುವುದು ಈ ಎರಡನೆಯ ಬಗೆಯಲ್ಲಿ.

ಹುಡುಗಿಯೊಬ್ಬಳು ಬಂದು ಹೇಳಿದಳು ಎಂದಿಟ್ಟುಕೊಳ್ಳಿ. ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದ್ದು ಬಹಳ ಇಲ್ಲ. ಗದ್ದಲದಿಂದ ಅವಳನ್ನು ಈಚೆ ಕರೆದುಕೊಂಡು ಬಂದು, ಅವಳು ಬಯಸಿದವರನ್ನು ಜತೆಗೆ ಕೂರಿಸಿ, ಹೇಳಿದಷ್ಟನ್ನು ಕೇಳಿಸಿಕೊಳ್ಳಬೇಕು. ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ, ಏನು ಹಾಕಿಕೊಂಡಿದ್ದೆ ಎಂಬ ಪ್ರಶ್ನೆಗಳು ಸಮಿತಿಯ ಕೆಲಸವಲ್ಲ. ಹೇಳಿದ್ದನ್ನು ಅವಳದೇ ಮಾತಿನಲ್ಲಿ, ಹೊತ್ತು ಮತ್ತು ಸ್ಥಳದೊಂದಿಗೆ ಒಬ್ಬರು ಬರೆದಿಟ್ಟರೆ ಸಾಕು. ಸಿಕ್ಕಸಿಕ್ಕ ಪದಾಧಿಕಾರಿಗಳೆಲ್ಲ ಬಂದು ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸುವುದು ಇನ್ನೊಂದು ಹಿಂಸೆ. ಕೈ ಹಾಕಿದವನು ಇನ್ನೂ ಅಲ್ಲೇ ಇದ್ದರೆ ಅವನನ್ನು ಅವಳಿಂದ ದೂರವಿಟ್ಟು ಪೊಲೀಸರ ವಶಕ್ಕೆ ಕೊಡಬೇಕು. ಕಂಬಕ್ಕೆ ಕಟ್ಟಿ ಹೊಡೆಯುವುದು ಇನ್ನೊಂದು ಅಪರಾಧ. ಅದರಿಂದ ಅವಳ ಪ್ರಕರಣವೂ ದಾರಿ ತಪ್ಪುತ್ತದೆ.

ಅತ್ಯಾಚಾರದಂಥ ಗಂಭೀರ ಕೃತ್ಯವಾದರೆ ಆಸ್ಪತ್ರೆ ಮೊದಲು. ಎಫ್‌ಐಆರ್ ಆಗಿಲ್ಲವೆಂಬ ಕಾರಣಕ್ಕೆ ವೈದ್ಯರು ಚಿಕಿತ್ಸೆ ನಿರಾಕರಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರ ಸಂತ್ರಸ್ತೆಗೆ ಉಚಿತ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಎಚ್‌ಐವಿ ತಗುಲದಂತೆ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ತೊಟ್ಟ ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿ ಇಡಬೇಕು. ಪೆಂಡಾಲಿನ, ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಅಂದೇ ಕಾದಿರಿಸಲು ಹೇಳಬೇಕು. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181. ಆಸ್ಪತ್ರೆ, ಕಾನೂನು, ಆಪ್ತಸಮಾಲೋಚನೆ ಮೂರಕ್ಕೂ ಒಂದೇ ಕಡೆ ನೆರವಾಗಲು ಸಖಿ ಕೇಂದ್ರಗಳಿವೆ.

"ಆ ಏರಿಯಾ ನಮ್ಮ ಠಾಣೆಗೆ ಬರಲ್ಲ" ಎಂದು ಪೊಲೀಸರು ಸಾಗಹಾಕುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು ಎನ್ನುತ್ತದೆ. ಜನ ಇದನ್ನು ಜೀರೋ ಎಫ್‌ಐಆರ್ ಎಂದು ಬಲ್ಲರು. ಸಂತ್ರಸ್ತೆಯ ಮಾತನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮೈಮೇಲೆ ಕೈ ಹಾಕಿದ್ದಕ್ಕೆ ನ್ಯಾಯ ಸಂಹಿತೆಯ 74ನೇ ಕಲಂನಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಶಿಕ್ಷೆಯಿದೆ. ಜಾತ್ರೆಯ ನೂಕಾಟದಲ್ಲಿ ಅದೆಲ್ಲ ಮಾಮೂಲು ಎನ್ನುವವರು ಈ ಅಂಕಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪೊಲೀಸರಿಗೆ ದೂರು ಕೊಡಬೇಕೋ ಬೇಡವೋ ಎಂಬುದನ್ನು ವಯಸ್ಕ ಮಹಿಳೆ ತಾನೇ ತೀರ್ಮಾನಿಸಬೇಕು. ಕೊಡಲೇಬೇಕೆಂದು ಎಳೆದೊಯ್ಯುವುದೂ ತಪ್ಪು, ಬೇಡವೆಂದು ತಡೆಯುವುದೂ ತಪ್ಪು. ಆದರೆ ಸಂತ್ರಸ್ತ ವ್ಯಕ್ತಿಗೆ 18 ತುಂಬಿರದಿದ್ದರೆ, ಹುಡುಗನಿರಲಿ ಹುಡುಗಿಯಿರಲಿ, ಇಂಥ ಆಯ್ಕೆ ಯಾರಿಗೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. ಮಗುವಿನ ಭವಿಷ್ಯದ ದೃಷ್ಟಿಯಿಂದ ಸುಮ್ಮನಾದೆವು ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಮಕ್ಕಳ ಸಹಾಯವಾಣಿ 1098.

ಇನ್ನು ನಮ್ಮ ಸಮಾಜಕ್ಕೆ ತೀರ ಪ್ರಿಯವಾದ ದಾರಿಗೆ ಬರೋಣ. ಅದೇ ರಾಜಿ. "ಹಬ್ಬದ ದಿನ ಯಾಕಮ್ಮ ರಾದ್ಧಾಂತ", "ಅವನಿಗೂ ಹೆಂಡತಿ ಮಕ್ಕಳಿದ್ದಾರೆ", "ಊರ ಮರ್ಯಾದೆ ಪ್ರಶ್ನೆ" ಎನ್ನುತ್ತ ನಾಲ್ಕು ಜನ ಹಿರಿಯರು ಕೂಡುತ್ತಾರೆ. ಆತನಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಇಲ್ಲವೇ "ಇವಳು ನನ್ನ ತಂಗಿಯ ಹಾಗೆ" ಎಂದು ಹೇಳಿಸಿ ಕೈ ಮುಗಿಸುತ್ತಾರೆ. ಕೋರ್ಟಿನ ಮಟ್ಟದಲ್ಲೂ ಈ ಮನೋಭಾವ ಇಣುಕಿದ್ದುಂಟು. 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟು ಮಹಿಳೆಯೊಬ್ಬರ ಮೇಲಿನ ದೌರ್ಜನ್ಯದ ಆರೋಪಿಗೆ ಜಾಮೀನು ಕೊಡುವಾಗ, ಆಕೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತು ಹಾಕಿತ್ತು. 2021ರ ಮಾರ್ಚ್‌ನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ರದ್ದುಮಾಡಿತು. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ರಾಜಿಗೆ, ಮದುವೆಗೆ ಉತ್ತೇಜನ ಕೊಡಬಾರದೆಂದೂ ಹೇಳಿತು. ನ್ಯಾಯಾಧೀಶರಿಗೇ ಸಲ್ಲದ ಸಂಧಾನ ಉತ್ಸವ ಸಮಿತಿಯ ಅಧ್ಯಕ್ಷರಿಗೆ ಹೇಗೆ ಸಲ್ಲುತ್ತದೆ?

2018ರಲ್ಲಿ ಮೀ ಟೂ ಅಲೆ ಎದ್ದಾಗ ಕನ್ನಡ ಚಿತ್ರರಂಗದ ಒಂದು ಆರೋಪವೂ ಫಿಲಂ ಚೇಂಬರ್‌ನಲ್ಲಿ ಸಂಧಾನದ ಮೇಜಿಗೆ ಬಂದಿತ್ತು. ಸಂಧಾನ ಫಲಿಸಲಿಲ್ಲ, ಜಗಳ ಠಾಣೆ, ಕೋರ್ಟುಗಳಿಗೆ ಹೋಯಿತು. ಸಾಕ್ಷ್ಯ ಸಾಲದೆಂದು ಪೊಲೀಸರು ಮೂರು ವರ್ಷಗಳ ನಂತರ ಬಿ ರಿಪೋರ್ಟ್ ಸಲ್ಲಿಸಿದರು. ಆರೋಪ ನಿಜವೇ ಸುಳ್ಳೇ ಎಂಬುದು ಈ ಅಂಕಣದ ವಿಷಯವಲ್ಲ. ಎರಡೂ ಕಡೆಯವರನ್ನು ಹಿರಿಯರ ಎದುರು ಕೂರಿಸಿ ಬಗೆಹರಿಸಿಬಿಡಬಹುದು ಎಂಬ ನಂಬಿಕೆಯಿಂದ ದೂರಿದವರಿಗೂ ಒಳಿತಾಗಲಿಲ್ಲ, ದೂರಿಗೆ ಒಳಗಾದವರಿಗೂ ಆಗಲಿಲ್ಲ. ಕಾಯಂ ವಿಚಾರಣಾ ವ್ಯವಸ್ಥೆಯೊಂದು ಮೊದಲೇ ಇದ್ದಿದ್ದರೆ ಅವರಿಬ್ಬರಿಗೂ ಅದು ಉಪಯೋಗಕ್ಕೆ ಬರುತ್ತಿತ್ತು.

ಅಂಥ ವ್ಯವಸ್ಥೆಯ ಮಾದರಿಯನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆ ಸಂಕಟದಿಂದ ಹುಟ್ಟಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟದ್ದು ವಿಶಾಖಾ ತೀರ್ಪು. ಅದೇ ಮುಂದೆ 2013ರಲ್ಲಿ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯಾಯಿತು. ಆಫೀಸಿನವರು ಪಾಶ್ ಎಂದು ಕರೆಯುವುದು ಇದನ್ನೇ.

ಇದು ಐಟಿ ಕಂಪನಿಗಳ ಕಾಯ್ದೆ, ನಮಗೇನು ಸಂಬಂಧ ಎಂದು ಸಂಘಗಳವರು ಭಾವಿಸುತ್ತಾರೆ. ಕಾಯ್ದೆ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. 'ಕೆಲಸದ ಸ್ಥಳ'ದ ಪಟ್ಟಿಯಲ್ಲಿ ಮನರಂಜನೆಯ ಚಟುವಟಿಕೆ ನಡೆಸುವ ಸಂಘ, ಟ್ರಸ್ಟುಗಳಿವೆ, ಕ್ರೀಡಾಂಗಣಗಳೂ ಇವೆ. 'ನೌಕರ' ಎಂಬುದರ ವ್ಯಾಖ್ಯೆಯಲ್ಲಿ ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರೂ ಸೇರುತ್ತಾರೆ. ದೂರು ಕೊಡುವ ಮಹಿಳೆ ಅಲ್ಲಿ ಕೆಲಸಕ್ಕಿರಲೇಬೇಕೆಂದೂ ಇಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದರ ಅಧ್ಯಕ್ಷತೆ ಮಹಿಳೆಯದು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಮಹಿಳೆಯರು, ಜತೆಗೆ ಹೊರಗಿನ ಸದಸ್ಯರೊಬ್ಬರು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಯಜಮಾನನ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಈ ಸಮಿತಿಗಳು ಎಷ್ಟೋ ಕಡೆ ಕಾಗದದ ಮೇಲಷ್ಟೇ ಇದ್ದವು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಗಡುವು ಹಾಕಿ ರಚಿಸಲು ಹೇಳಬೇಕಾಯಿತು. ಗಲ್ಲಿಯ ಹುಡುಗರು ನೋಂದಣಿಯೇ ಇಲ್ಲದೆ ಕಟ್ಟಿಕೊಂಡ ಗೆಳೆಯರ ಬಳಗಕ್ಕೆ ಈ ಕಾಯ್ದೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ವಕೀಲರು ವಾದಿಸಲಿ. ಅದರ ವಿಧಾನವನ್ನು ಎರವಲು ಪಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಆ ವಿಧಾನದ ತಿರುಳು ಇದು. ದೂರು ಲಿಖಿತವಾಗಿ ಬರಬೇಕು, ಬರೆಯಲಾಗದವರಿಗೆ ಬರೆದುಕೊಡಬೇಕು. ದೂರಿನ ಪ್ರತಿ ಆಪಾದಿತನಿಗೂ ಸಿಗಬೇಕು, ಅವನ ಉತ್ತರವನ್ನೂ ಸಾಕ್ಷಿಗಳನ್ನೂ ಕೇಳಬೇಕು. ವಿಚಾರಣೆ ಮುಗಿಯುವವರೆಗೆ ಇಬ್ಬರೂ ಎದುರುಬದುರಾಗದಂತೆ ಏರ್ಪಾಡು ಮಾಡಬೇಕು. 90 ದಿನಗಳೊಳಗೆ ಮುಗಿಸಬೇಕು. ಹೆಸರುಗಳು ಹೊರಗೆ ಹೋಗಬಾರದು. ದೂರು ಸಾಬೀತಾಗದಿದ್ದ ಮಾತ್ರಕ್ಕೆ ಅದು ಸುಳ್ಳು ದೂರಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಗೊತ್ತಾದರೆ ಮಾತ್ರ ಕ್ರಮ.

ಇಲ್ಲೊಂದು ಗೊಂದಲ ಪದೇ ಪದೇ ತಲೆಹಾಕುತ್ತದೆ. "ಪೊಲೀಸ್ ಕೇಸಾಗಿದೆಯಲ್ಲ, ಕೋರ್ಟು ತೀರ್ಮಾನಿಸಲಿ, ಅಲ್ಲಿಯವರೆಗೆ ಆತ ನಿರಪರಾಧಿ" ಎಂದು ಹೇಳಿ ಸಮಿತಿ ಕೈತೊಳೆದುಕೊಳ್ಳುತ್ತದೆ. ಕೋರ್ಟಿನ ತನಕ ಆತ ನಿರಪರಾಧಿ ಎಂಬುದು ಸರಿಯಾದ ಮಾತೇ. ಆದರೆ ಕೋರ್ಟಿನ ಎದುರಿಗಿರುವ ಪ್ರಶ್ನೆ ಒಬ್ಬನ ಸ್ವಾತಂತ್ರ್ಯ ಕಸಿಯಬೇಕೇ ಎಂಬುದು, ಅದಕ್ಕೇ ಅದು ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಕೇಳುತ್ತದೆ. ಸಂಘದ ಎದುರಿಗಿರುವ ಪ್ರಶ್ನೆ ತೀರ ಚಿಕ್ಕದು. ಮುಂದಿನ ವರ್ಷ ಈತನ ಕೈಗೆ ಮೈಕು ಕೊಡಬೇಕೇ, ಮಕ್ಕಳ ತಾಲೀಮು ವಹಿಸಬೇಕೇ, ಸ್ವಯಂಸೇವಕರ ಬ್ಯಾಡ್ಜು ತೊಡಿಸಬೇಕೇ? ಇದಕ್ಕೆ ಎರಡೂ ಕಡೆ ಕೇಳಿ ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು. ಆಂತರಿಕ ವಿಚಾರಣೆಗಳೆಲ್ಲ ನಡೆಯುವುದು ಈ ಅಳತೆಯಲ್ಲೇ. ಜೈಲಿಗೆ ಕಳಿಸುವ ಅಧಿಕಾರ ಸಂಘಕ್ಕಿಲ್ಲ, ಇರಲೂಬಾರದು. ವೇದಿಕೆ ಕೊಡುವ, ಕಸಿಯುವ ಅಧಿಕಾರ ಅದರದೇ, ಆ ಹೊಣೆಯನ್ನು ಕೋರ್ಟಿನ ಮೇಲೆ ಹೊರಿಸಲು ಬರುವುದಿಲ್ಲ.

ಕ್ರಮದಲ್ಲಿ ಮೆಟ್ಟಿಲುಗಳಿರಲಿ. ವಿಚಾರಣೆ ನಡೆಯುವಾಗ ಜವಾಬ್ದಾರಿಯಿಂದ ದೂರ. ತಪ್ಪು ಕಂಡುಬಂದರೆ ಅದರ ತೂಕಕ್ಕೆ ತಕ್ಕಂತೆ ಎಚ್ಚರಿಕೆ, ಹುದ್ದೆಯಿಂದ ತೆಗೆಯುವುದು, ಕಾರ್ಯಕ್ರಮಗಳಿಗೆ ನಿಷೇಧ, ಸದಸ್ಯತ್ವ ರದ್ದು. ಎಲ್ಲಕ್ಕೂ ಒಂದೇ ಶಿಕ್ಷೆ ಎಂದರೆ ಚಿಕ್ಕ ತಪ್ಪನ್ನು ಯಾರೂ ಹೇಳುವುದಿಲ್ಲ, ದೊಡ್ಡದನ್ನು ಯಾರೂ ನಂಬುವುದಿಲ್ಲ. ಆಪಾದಿತನ ನೆಂಟರು, ವ್ಯಾಪಾರದ ಪಾಲುದಾರರು ವಿಚಾರಣೆಯಿಂದ ಹೊರಗಿರಬೇಕು. ಆಪಾದಿತ ಅಧ್ಯಕ್ಷನೋ ದೊಡ್ಡ ದಾನಿಯೋ ಆಗಿದ್ದರೆ ವಿಚಾರಣೆ ಪೂರ್ತಿ ಹೊರಗಿನವರ ಕೈಯಲ್ಲಿರಬೇಕು. ನಾಮಫಲಕದಲ್ಲಿ ಆತನ ಹೆಸರು ಕೆತ್ತಿರುವುದು ರಿಯಾಯಿತಿಗೆ ಕಾರಣವಾಗಕೂಡದು.

ವಾಟ್ಸಾಪ್ ಗುಂಪುಗಳ ವಿಷಯದಲ್ಲಂತೂ ಎಚ್ಚರ ಬೇಕೇ ಬೇಕು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗಿನ ಶಿಕ್ಷೆಗೆ ದಾರಿ. ಹೆಸರು ಬರೆಯದೆ "ಮೂರನೇ ಕ್ರಾಸಿನ ಆ ಬ್ಯಾಂಕ್ ಮೇಡಂ ಮಗಳು" ಎಂದರೂ ಗುರುತು ಸಿಕ್ಕಂತೆಯೇ. ಸದಸ್ಯರಿಗೆ ಹೇಳಬೇಕಾದ್ದು ಇದ್ದರೆ ಒಂದು ದೂರು ಬಂದಿದೆ, ನಿಯಮದಂತೆ ವಿಚಾರಣೆ ನಡೆಯುತ್ತಿದೆ ಎಂಬಷ್ಟೇ ಸಾಕು.

ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ಹೋಗುವ ಅವಕಾಶವೂ ಸಂಘಗಳಿಗಿದೆ. 2013ರ ಕಾಯ್ದೆ ಮಹಿಳೆಯರಿಗೆ ಮಾತ್ರ. ಪೋಕ್ಸೊ ಗಂಡುಮಕ್ಕಳನ್ನೂ ಒಳಗೊಂಡಿದೆಯಾದರೂ ಹದಿನೆಂಟು ತುಂಬಿದ ಕೂಡಲೇ ಆ ರಕ್ಷಣೆ ನಿಲ್ಲುತ್ತದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯ್ದೆಯಲ್ಲಿರುವ ಗರಿಷ್ಠ ಶಿಕ್ಷೆ ಎರಡೇ ವರ್ಷ. ಸಂಘದ ಬೈಲಾದಲ್ಲಿ 'ಯಾವುದೇ ವ್ಯಕ್ತಿ' ಎಂದು ಬರೆದುಕೊಳ್ಳುವುದಕ್ಕೆ ಅಡ್ಡಿಯೇನಿಲ್ಲ. ಹೊರದೇಶಗಳ ಕನ್ನಡ ಕೂಟಗಳಿಗೆ ಅಲ್ಲಲ್ಲಿಯ ಕಾನೂನು ಅನ್ವಯಿಸುತ್ತದೆ; ಆದರೆ ಊರಿಂದ ಬಂದ ಕಲಾವಿದೆಗೆ ಆ ದೇಶದ ಸಹಾಯವಾಣಿ ಯಾವುದೆಂದು ತಿಳಿಸುವ ಹೊಣೆ ಕರೆಸಿಕೊಂಡವರದು.

ಮುಂಜಾಗ್ರತೆಯ ಕೆಲಸಗಳು ದುಬಾರಿಯಲ್ಲ. ಆಹ್ವಾನಪತ್ರಿಕೆಯಲ್ಲೂ ವೇದಿಕೆಯ ಪಕ್ಕದ ಫಲಕದಲ್ಲೂ ಇಬ್ಬರ ಹೆಸರು, ಮೊಬೈಲ್ ನಂಬರು ಇರಲಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ಆ ಇಬ್ಬರಿಗೂ ಅಂದು ಬೇರೆ ಕೆಲಸ ವಹಿಸಬೇಡಿ. ಶೌಚಾಲಯದ ದಾರಿ, ವಾಹನ ನಿಲ್ಲಿಸುವ ಜಾಗ, ಪೆಂಡಾಲಿನ ಹಿಂಬದಿ, ಈ ಮೂರು ಕಡೆ ದೀಪ ಇದೆಯೇ ನೋಡಿ. ಬಣ್ಣದ ಕೋಣೆಗೆ ಒಳಗಿನಿಂದ ಚಿಲಕವಿರಲಿ, ಬಾಗಿಲಲ್ಲಿ ಒಬ್ಬರಿರಲಿ. ತಡರಾತ್ರಿ ಮುಗಿಯುವ ಕಾರ್ಯಕ್ರಮವಾದರೆ ಕಲಾವಿದೆಯರು, ಸ್ವಯಂಸೇವಕಿಯರು ಮನೆ ಸೇರುವ ವ್ಯವಸ್ಥೆ ಖರ್ಚಿನ ಪಟ್ಟಿಯಲ್ಲೇ ಇರಲಿ. ಮಕ್ಕಳೊಂದಿಗೆ ಯಾವ ದೊಡ್ಡವರೂ ಒಬ್ಬೊಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದೆಂಬ ನಿಯಮ ಎಲ್ಲರಿಗೂ ಒಂದೇ ಆಗಿರಲಿ.

ಇವುಗಳಲ್ಲಿ ಬಹುಪಾಲನ್ನು ಒಂದು ಮಹಾಸಭೆಯ ಒಂದು ಠರಾವಿನಲ್ಲಿ ಮುಗಿಸಬಹುದು. ನೋಂದಾಯಿತ ಸಂಘವಾದರೆ ಬೈಲಾ ತಿದ್ದುಪಡಿ ಮಾಡಿ ದೂರು ಯಾರಿಗೆ, ವಿಚಾರಣೆ ಯಾರಿಂದ, ಎಷ್ಟು ದಿನದಲ್ಲಿ, ಕ್ರಮಗಳೇನು ಎಂದು ಬರೆದುಕೊಳ್ಳಬೇಕು. ಮಾಡುವುದಾದರೆ ಯಾವ ದೂರೂ ಮುಂದಿಲ್ಲದ ಈ ಹೊತ್ತಿನಲ್ಲೇ ಮಾಡಬೇಕು. ಒಂದು ಹೆಸರು ಹೊರಬಿದ್ದ ಮೇಲೆ ಬರೆಯುವ ಯಾವ ನಿಯಮವೂ ಆತನ ಪರವೋ ವಿರೋಧವೋ ಬರೆದಂತೆಯೇ ಕಾಣುತ್ತದೆ, ಸಭೆ ಎರಡು ಪಾಲಾಗುತ್ತದೆ, ನಿಯಮ ಅಲ್ಲೇ ಬಿದ್ದುಹೋಗುತ್ತದೆ. ಯಾರ ಮುಖವೂ ಎದುರಿಗಿಲ್ಲದಾಗ ಬರೆದ ನಿಯಮವನ್ನು ನಾಳೆ ದೂರು ಕೊಡುವವಳೂ ನಂಬಬಹುದು, ದೂರಿಗೆ ಒಳಗಾದವನೂ ನಂಬಬಹುದು.